ಗಾಳಿಗೆ ತೆರುವ ಬೆಲೆ

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗನ ಹತ್ತಿರ ಹಳೆಯದೊಂದು ಮಜ್ದಾ ಮಿಯಾಟಾ ಇದೆ. ಜಪಾನಿನ ಕಂಪನಿ 1989ರಲ್ಲಿ ಹೊರತಂದ ಪುಟ್ಟ ಕಾರು. ಇಬ್ಬರಿಗಷ್ಟೇ ಜಾಗ, ಮೇಲಿನ ಹೊದಿಕೆಯನ್ನು ಮಡಚಿ ಹಿಂದಕ್ಕೆ ಸರಿಸಬಹುದು. ಅವನ ಮನೆಗೆ ಹೋಗಿದ್ದಾಗ ಸಮುದ್ರದಂಚಿನ ರಸ್ತೆಯಲ್ಲಿ ನನ್ನನ್ನು ಸುತ್ತಾಡಿಸಿದ. ಎದುರುಗಾಳಿಗೆ ಕೂದಲು ಹಿಂದಕ್ಕೆ ಹಾರೀತೆಂದು ನಾನು ಕಾದಿದ್ದರೆ, ಅದು ಹಿಂದಿನಿಂದ ಬಂದು ಮುಖವನ್ನೇ ಮುಚ್ಚಿತು!

"ಮುಂದಿನ ಗಾಜು ದಾಟಿದ ಗಾಳಿ ಸುಳಿ ಸುತ್ತಿ ಸೀಟಿನ ಹಿಂದಿನಿಂದ ವಾಪಸ್ಸು ಬರುತ್ತೆ ಚಿಕ್ಕಮ್ಮ. ಆ ಸುಳಿ ಏಳೋದಕ್ಕೂ ನಮ್ಮ ಪೆಟ್ರೋಲೇ ಖರ್ಚು" ಎಂದ.

ಸ್ಕೂಟರಿನ ಹಿಂದೆ ಕೂತು, ಪಟಪಟ ಬಡಿದುಕೊಳ್ಳುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರಿಗೆ ಇದು ತಿಳಿಯದ ಮಾತೇನಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದಂತೆ. ಕಾರು ಒಂದು ಟನ್ನಿಗಿಂತ ಹಗುರವಾಗಿದ್ದರೂ ಹೆದ್ದಾರಿಯಲ್ಲಿ ಆ ಹಗುರ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಹುಡುಗ ರಜಾದಿನಗಳಲ್ಲಿ ಕಾರಿನ ಕೆಳಗೆ ಮಲಗಿ, ಉಬ್ಬುತಗ್ಗಾದ ತಳಕ್ಕೆ ಅಲ್ಯೂಮಿನಿಯಂ ಹಾಳೆ ಬಿಗಿದು ನುಣುಪು ಮಾಡಿದ್ದಾನೆ. ಸೀಟಿನ ಹಿಂದೆ ಸುಳಿಗಾಳಿ ತಡೆಯುವ ಪುಟ್ಟ ಪರದೆ ನಿಲ್ಲಿಸಿದ್ದಾನೆ.

"ಪೆಟ್ರೋಲು ಉಳಿಸುವವನಿಗೆ ಇಂಥ ಕಾರು ಯಾಕಪ್ಪಾ? ಹಬ್ಬದೂಟ ಉಂಡು ಎಲೆಯಡಿಕೆಯಲ್ಲಿ ಉಳಿತಾಯ ಮಾಡಿದ ಹಾಗಾಯಿತು" ಎಂದೆ. "ಮೇಲೆ ಗಟ್ಟಿ ಮುಚ್ಚಳ ಕೂರಿಸಿದರೆ ಇನ್ನೂ ಉಳಿಯುತ್ತೆ. ಆದರೆ ಆಮೇಲೆ ಈ ಕಾರು ಯಾಕೆ?" ಎಂದು ನಕ್ಕ.

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಕೈ ಬಿಗಿಯಾದಾಗ ನನ್ನಮ್ಮ ಮೊದಲು ನಿಲ್ಲಿಸಿದ್ದು ದಿನದ ಒಂದು ಮೊಳ ಮಲ್ಲಿಗೆಯನ್ನು. ಅಪ್ಪನ ಹೋಟೆಲ್ ಕಾಫಿ ನಿಲ್ಲಲಿಲ್ಲ. ಬಂದವರಿಗೆಲ್ಲ ಎರಡೆರಡು ಬಾರಿ ತಿಂಡಿಯಾಗುವುದೂ ತಪ್ಪಲಿಲ್ಲ. ಹೂವಿನ ದುಡ್ಡಿನಿಂದ ಸಾಲವೇನೂ ತೀರಲಿಲ್ಲ. ಆದರೂ ಅಮ್ಮನನ್ನು ಎಲ್ಲರೂ 'ಅಚ್ಚುಕಟ್ಟಿನ ಹೆಂಗಸು' ಎಂದು ಹೊಗಳಿದರು. ನಾನೂ ಅದೇ ಪಾಠ ಕಲಿತು, ನನ್ನ ಸಂಸಾರದಲ್ಲೂ ಮೊದಲು ನನ್ನ ಸಂತೋಷಕ್ಕೇ ಕತ್ತರಿ ಹಾಕಿದೆ.

ಮಿತವ್ಯಯವೆಂದರೆ ಇದೇ ಏನು? ಸುಖ ಬೇಕೆನ್ನುವುದು ತಪ್ಪಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ನಮ್ಮ ಸುಖದ ಹೊಗೆಯನ್ನು ದಾರಿಹೋಕರೂ ಉಸಿರಾಡಬೇಕಲ್ಲ. ಅದನ್ನು ಆದಷ್ಟು ತಗ್ಗಿಸುವ ಋಣ ನಮ್ಮ ಮೇಲಿದೆ. ತಗ್ಗಿಸುವುದು ಎಲ್ಲಿಂದ ಎನ್ನುವುದೇ ಪ್ರಶ್ನೆ. ಯಾರ ಸಂತೋಷವೂ ಇಲ್ಲದ ಕಾರಿನ ತಳದಿಂದ ಅವನು ಶುರುಮಾಡಿದ. ನಾವು ಹೂವಿನಿಂದ ಶುರುಮಾಡಿದೆವು.

ಹಾಗೆಂದು ಅವನನ್ನು ಪೂರ್ತಿ ಬಿಟ್ಟುಕೊಡಲಿಲ್ಲ. "ಗಂಟೆಗೆ ನೂರು ಕಿಲೋಮೀಟರಿನ ಬದಲು ಎಂಬತ್ತರಲ್ಲಿ ಹೋದರೆ?" ಎಂದು ಕೇಳಿದೆ. ಲೆಕ್ಕ ಹಾಕಿ, "ಗಾಳಿಯ ತಡೆ ನೂರಕ್ಕೆ 36ರಷ್ಟು ಕಡಿಮೆ" ಎಂದ. ತಳಕ್ಕೆ ಬಿಗಿದ ಹಾಳೆಗಳಿಗಿಂತ ಅದು ಎಷ್ಟೋ ದೊಡ್ಡ ಉಳಿತಾಯ, ಖರ್ಚೂ ಇಲ್ಲ. ವಾಪಸ್ಸು ಬರುವಾಗ ನಿಧಾನಕ್ಕೆ ಓಡಿಸಿದ. ಹೊದಿಕೆ ತೆರೆದೇ ಇತ್ತು. ಸಮುದ್ರವೂ ಚೆನ್ನಾಗಿ ಕಂಡಿತು.