ವಚನ ಯಾರದು, ಸಾಲ ಯಾರದು?

ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಬರ್ತೀನಿ ಅಂತ ಮುಂಗಡ ಇಸ್ಕೊಂಡ ಕೂಲಿಯವನು ಒಂದು ದಿನ ತಪ್ಪಿಸಿದರೆ ಸಾಕು, ಊರೆಲ್ಲ ಅವನನ್ನು ಮಾತಿಗೆ ತಪ್ಪಿದವನು ಅಂತದೆ. ಹಾಗಾದರೆ ಆಳುವವರ ಮಾತಿನ ಬೆಲೆ ಎಷ್ಟು?

2004ರಲ್ಲಿ ಬಿಜೆಪಿ, ಜೆಡಿಎಸ್ ಎದುರುಬದುರು ನಿಂತು ನಮ್ಮ ಓಟು ಕೇಳಿದವು. 2006ರ ಫೆಬ್ರವರಿಯಲ್ಲಿ ಒಂದಾಗಿ, ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಎಂದು ಕುರ್ಚಿ ಹಂಚಿಕೊಂಡವು. 2007ರ ಅಕ್ಟೋಬರಿನಲ್ಲಿ ಕುಮಾರಸ್ವಾಮಿ ಒಪ್ಪಂದದಂತೆ ಕುರ್ಚಿ ಬಿಟ್ಟುಕೊಡಲಿಲ್ಲ. ನವೆಂಬರಿನಲ್ಲಿ ಯಡಿಯೂರಪ್ಪ ಏಳೇ ದಿನ ಕೂತು ಇಳಿದರು. ವಚನಭ್ರಷ್ಟತೆ ಎಂಬ ಕೂಗೆದ್ದಿತು.

ನಾವು ಕೇಳೋದು ಇಷ್ಟೆ: ಒಬ್ಬರ ವಿರುದ್ಧ ಪಡೆದ ಓಟನ್ನು ಅವರಿಗೇ ಒಪ್ಪಿಸಿದ ದಿನವೇ ಮಾತು ಮುರಿದಿರಲಿಲ್ಲವೆ?

ನಮ್ಮ ಚಿತ್ರದುರ್ಗ ಜಿಲ್ಲೆಯೂ ಇದನ್ನು ಕಂಡಿದೆ. 2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು. ಬಹುಮತಕ್ಕೆ ಮೂರು ಕಮ್ಮಿ. ಹೊಸದುರ್ಗ, ಹಿರಿಯೂರಿನ ಜನ ಪಕ್ಷಗಳನ್ನು ಬಿಟ್ಟು ಪಕ್ಷೇತರರನ್ನು ಗೆಲ್ಲಿಸಿದ್ದರು. ಆ ಗೂಳಿಹಟ್ಟಿ ಶೇಖರ್, ಡಿ. ಸುಧಾಕರ್ ಬಿಜೆಪಿ ಸರ್ಕಾರದಲ್ಲೇ ಮಂತ್ರಿಗಳಾದರು. 2010ರಲ್ಲಿ ಬೆಂಬಲ ಹಿಂತೆಗೆದು ಅನರ್ಹರಾದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ರದ್ದು ಮಾಡಿತು. ಅವರ ಹಕ್ಕಿಗೆ ಕೋರ್ಟು ಇತ್ತು. ಅವರನ್ನು ಕಳಿಸಿದ ಓಟಿಗೆ?

2023ರಲ್ಲಿ ಬಿಜೆಪಿ, ಜೆಡಿಎಸ್ ಮತ್ತೆ ಕೈ ಕೂಡಿಸಿದವು. ವಚನಭ್ರಷ್ಟತೆಯ ಮಾತೇ ಅಡಗಿತು. ಅವರವರ ಸಾಲ ಅವರವರೇ ಮನ್ನಾ ಮಾಡ್ಕೊಳ್ಳಲಿ. ನಮಗೆ ಕೊಡಬೇಕಾದ್ದನ್ನು ಮನ್ನಾ ಮಾಡೋಕೆ ಅವರು ಯಾರು?

ಗೆಳೆಯರೆ, ಮುಂದಿನ ಸಲ ಕೇರಿಗೆ ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳೋಣ: ಗೆದ್ದ ಮೇಲೆ ಯಾರ ಜೊತೆ ಕೂರ್ತೀರಿ? ಕೂರೋ ಮುಂಚೆ ನಮ್ಮನ್ನು ಕೇಳ್ತೀರಾ?