ಕೂಲಿಗೆ ಹೋದವರ ಗೆಳೆತನ

ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ (1937) ಕಾದಂಬರಿಯ ಬಗ್ಗೆ ಪಾಠದ ಕೋಣೆಗಳಲ್ಲಿ ಸವೆದುಹೋದ ಮಾತೊಂದಿದೆ: ಜಾರ್ಜ್ ಮತ್ತು ಲೆನ್ನಿಯದು ಲಾಭನಷ್ಟ ನೋಡದ ಅಪ್ಪಟ ಸ್ನೇಹ, ಉಳಿದ ಕೂಲಿಯಾಳುಗಳಿಗೆ ಅಂಥ ಮನಸ್ಸಿಲ್ಲ, ಅದಕ್ಕೇ ಅವರು ಒಂಟಿ. ಬಡವರ ಒಂಟಿತನವನ್ನು ಅವರ ಮನಸ್ಸಿನ ಬಡತನಕ್ಕೇ ಕಟ್ಟುವ ಈ ಮಾತು ನನ್ನನ್ನು ರೇಗಿಸುತ್ತದೆ. ಇದರ ಬೇರು ಅರಿಸ್ಟಾಟಲ್‌ನಲ್ಲಿದೆ. ಸನ್ಮಿತ್ರನ ಲಕ್ಷಣ ಪಟ್ಟಿ ಮಾಡುವ ನಮ್ಮ ಸುಭಾಷಿತಗಳು ಉಂಡು ತೇಗಿದವರ ಮಾತು, ಅವನ್ನು ಬದಿಗಿಡಬಹುದು. ಅರಿಸ್ಟಾಟಲ್‌ನನ್ನು ಹಾಗೆ ಬಿಡಲಾಗದು. ಉಪಯೋಗಕ್ಕಾಗಿ, ಸುಖಕ್ಕಾಗಿ, ಸದ್ಗುಣಕ್ಕಾಗಿ ಎಂದು ಸ್ನೇಹವನ್ನು ಮೂರು ಮಾಡಿ, ಉಪಯೋಗದ್ದನ್ನು ಕೆಳಗೆ ಕೂರಿಸಿದವನು ಅವನು.

ಕಾದಂಬರಿಯೇ ಅವನಿಗೆ ಸಾಕ್ಷಿ ಹೇಳುವುದಿಲ್ಲ. ಅದರಲ್ಲಿನ ಹೊಲಕ್ಕೆ ಆಳುಗಳು ಬರುವುದು ಏಜೆನ್ಸಿಯ ಚೀಟಿ ಹಿಡಿದು, ಒಬ್ಬೊಬ್ಬರಾಗಿ. ತಿಂಗಳಿಗೆ 50 ಡಾಲರ್ ಎಣಿಸಿಕೊಂಡು ಮುಂದಿನ ಊರು. ಇಬ್ಬರು ಒಟ್ಟಿಗೆ ಬಂದದ್ದನ್ನು ಕಂಡ ಯಜಮಾನನಿಗೆ, ಲೆನ್ನಿಯ ಕೂಲಿಯನ್ನು ಜಾರ್ಜ್ ನುಂಗುತ್ತಿದ್ದಾನೇನೋ ಎಂಬ ಗುಮಾನಿ. ಒಂಟಿತನ ಅಲ್ಲಿ ನೇಮಕದ ಕ್ರಮದಲ್ಲೇ ಇದೆ. ಸ್ವಂತಕ್ಕೆ 600 ಡಾಲರಿನ ಜಮೀನು ಕೊಳ್ಳುವ ಜಾರ್ಜ್, ಲೆನ್ನಿಯ ಕನಸಾದರೂ, ಕೈ ಕಳೆದುಕೊಂಡ ಮುದುಕ ಕ್ಯಾಂಡಿ ತನ್ನ ಪರಿಹಾರದ ದುಡ್ಡನ್ನು ಮುಂದಿಡುವವರೆಗೆ ಬರೀ ಜೋಗುಳ. ದುಡ್ಡು ಬಂತು, ಸ್ನೇಹ ಮೂವರದಾಯಿತು. ಇದನ್ನು ಕೀಳು ಅನ್ನಲು ನನಗೆ ಕಾರಣ ಕಾಣದು. ದುಡಿಯಲಾಗದ ದಿನ ಹೊರದಬ್ಬಿಸಿಕೊಳ್ಳುವ ಭಯವಿದ್ದವನು ಉಪಯೋಗವನ್ನಲ್ಲದೆ ಇನ್ನೇನನ್ನು ಹಂಚಿಕೊಂಡಾನು?

ನಮ್ಮ ಕಡೆಯ ಕೂಲಿಯವರ ಕ್ರಮ ಬೇರೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ವಯನಾಡಿನ ಶುಂಠಿ ಹೊಲಕ್ಕೆ, ಕೊಡಗಿನ ಕಾಫಿ ತೋಟಕ್ಕೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗುವವರು ಚೀಟಿ ಹಿಡಿದು ಒಂಟಿಯಾಗಿ ಹೊರಡುವುದು ಕಡಿಮೆ. ನೆಂಟರೋ ನೆರೆಯವರೋ ಜೊತೆಗಿರುತ್ತಾರೆ, ಮುಂದೆ ಮೇಸ್ತ್ರಿ. ವಯನಾಡಿಗೆ ಹೋಗುವ ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಹೊತ್ತು ಮೀರಿದವನಿಗೆ ಆಚೆಯ ಶೆಡ್ಡಿನಲ್ಲಿ ಚಾಪೆ ಸರಿಸಿ ಜಾಗ ಕೊಡುವವನು, ಜ್ವರ ಬಂದರೆ ಮಲಯಾಳದಲ್ಲಿ ಡಾಕ್ಟರಿಗೆ ಹೇಳುವವನು ಉಪಯೋಗದ ಗೆಳೆಯನೋ ಸದ್ಗುಣದ ಗೆಳೆಯನೋ? ಸ್ನೇಹಕ್ಕೆ ಒಟ್ಟಿಗೆ ಬಾಳಬೇಕು, ಒಟ್ಟಿಗೆ ಉಪ್ಪು ತಿಂದಿರಬೇಕು ಎಂದವನೂ ಅರಿಸ್ಟಾಟಲನೇ. ಆ ಷರತ್ತನ್ನು ಅಥೆನ್ಸಿನ ಶ್ರೀಮಂತರಿಗಿಂತ ಈ ಶೆಡ್ಡಿನವರು ಚೆನ್ನಾಗಿ ಪೂರೈಸುತ್ತಾರೆ.

ಉಪಯೋಗ ಮುಗಿದರೆ ಇಂಥ ಸ್ನೇಹವೂ ಮುಗಿಯುತ್ತದೆ ಎಂಬ ಅರಿಸ್ಟಾಟಲ್‌ನ ಮಾತನ್ನು ಒಪ್ಪಬೇಕಾಗುತ್ತದೆ. ಸುಗ್ಗಿ ಮುಗಿದ ಮೇಲೆ ಗುಂಪು ಚದುರುವುದು ಸುಳ್ಳಲ್ಲ. ಅದಕ್ಕಿಂತ ಮೊನಚಾದ ಆಕ್ಷೇಪ ಬೇರೊಂದಿದೆ. ಮೇಸ್ತ್ರಿ ಮುಂಗಡ ಕೊಟ್ಟು ಕಟ್ಟಿದ ಗುಂಪಿನಲ್ಲಿ ಒಬ್ಬ ಓಡಿಹೋದರೆ ಉಳಿದವರು ಜವಾಬು ಹೇಳಬೇಕಾದೀತು. ಆಗ ಜೊತೆಗಾರನೆಂದರೆ ಜಾಮೀನು. ಜಾರ್ಜ್‌ಗೆ ಲೆನ್ನಿಯನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಿತ್ತು, ಅವನು ಹೋಗದೆ ಉಳಿದದ್ದಕ್ಕೆ ಬೆಲೆ ಬಂದದ್ದೂ ಅದರಿಂದಲೇ. ಕಾರಂತರ ‘ಚೋಮನ ದುಡಿ’ (1933) ಈ ವಿಷಯದಲ್ಲಿ ಇನ್ನೂ ಕಠೋರ. ಚೋಮನಿಗೂ ಬೇಕಾದದ್ದು ತುಂಡು ನೆಲ. ಅವನ ಮಕ್ಕಳು ಒಬ್ಬರಿಗೊಬ್ಬರು ಜೊತೆಯಾಗಿಯೇ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದರು. ಚನಿಯ ಜ್ವರ ಹೊತ್ತು ಬಂದು ಸತ್ತ, ಗುರುವ ಅಪ್ಪನ ಮನೆಗೆ ಮರಳಲಿಲ್ಲ. ಜೊತೆ ಹೋದ ಮಾತ್ರಕ್ಕೆ ಒಂಟಿತನ ತಪ್ಪುವುದಿಲ್ಲ ಅಂತಾಯಿತು. ಹಾಗಾಗಿ ನನ್ನ ವಾದವನ್ನು ಕಿರಿದು ಮಾಡಿಕೊಳ್ಳುತ್ತೇನೆ: ಉಪಯೋಗ ಸ್ನೇಹವನ್ನು ಕೆಡಿಸುವುದಿಲ್ಲ, ಉಪಯೋಗದ ಲಗಾಮು ಮೂರನೆಯವನ ಕೈಗೆ ಹೋದರೆ ಕೆಡಿಸುತ್ತದೆ.

ಇಷ್ಟಾದರೂ ಸ್ಟೈನ್‌ಬೆಕ್‌ನ ಕ್ರುಕ್ಸ್ ಉಳಿದುಬಿಡುತ್ತಾನೆ. ಕುದುರೆ ಲಾಯದ ಪಕ್ಕ ಬೇರೆ ಕೋಣೆಯಲ್ಲಿರುವ ಕರಿಯ. ಕೂಲಿಯಿಲ್ಲದೆ ದುಡಿಯುತ್ತೇನೆಂದು ಆ ಜಮೀನಿನ ಕನಸಿಗೆ ಕೈಚಾಚಿ, ಯಜಮಾನನ ಸೊಸೆ ಬೆದರಿಸಿದೊಡನೆ ತಮಾಷೆಗೆ ಅಂದೆ ಎಂದು ಕೈ ಹಿಂತೆಗೆಯುತ್ತಾನೆ. ನಮ್ಮಲ್ಲೂ ಅಂಥ ಗೆರೆಯೊಂದಿದೆ. ಗಡಿಯಾಚೆಯ ಶೆಡ್ಡಿನಲ್ಲಿ ಒಂದೇ ಪಾತ್ರೆಯ ಅನ್ನ ಉಂಡವರು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಬ್ಬ ಕೇರಿಗೆ, ಇನ್ನೊಬ್ಬ ಬೀದಿಗೆ ನಡೆದಾಗ ನಿಂತುಹೋದದ್ದು ಉಪಯೋಗವಲ್ಲ. ಮುಂದಿನ ಸುಗ್ಗಿಗೆ ಇಬ್ಬರಿಗೂ ಇಬ್ಬರೂ ಬೇಕು. ಅಲ್ಲಿ ಮುಂಗಡ ಕೊಟ್ಟ ಮೇಸ್ತ್ರಿಯೂ ಇಲ್ಲ, ಬೇರೆ ಕೂರಿ ಎಂದು ಯಾರೂ ಹೇಳಬೇಕಾಗಿಯೂ ಇಲ್ಲ. ಅರಿಸ್ಟಾಟಲ್‌ನ ಲೆಕ್ಕ ಇದನ್ನು ವಿವರಿಸುವುದಿಲ್ಲ. ಈಗಷ್ಟೇ ಕಿರಿದು ಮಾಡಿಕೊಂಡ ನನ್ನ ವಾದವೂ ವಿವರಿಸುವುದಿಲ್ಲ.