ರೆಕ್ಕೆಯ ಮೇಲೊಂದು ಕಪ್ಪು ಮಚ್ಚೆ

ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು ನಾವು ಕೈಬೀಸಿ ಓಡಿಸುತ್ತೇವೆಯೇ ಹೊರತು ಅವುಗಳಲ್ಲೂ ಬಗೆಬಗೆಯವು ಇರಬಹುದೆಂದು ಯೋಚಿಸುವುದಿಲ್ಲ. ಅವುಗಳದೇ ಡ್ರೊಸೊಫಿಲಾ ಕುಲಕ್ಕೆ ಸೇರಿದ ಒಂದು ನೊಣದ ಹೆಸರು ಡ್ರೊಸೊಫಿಲಾ ಬಯಾರ್ಮಿಪೆಸ್. 1924ರಲ್ಲಿ ಮ್ಯಾಲಕ್ ಎಂಬ ಕೀಟತಜ್ಞ ಅದನ್ನು ಮೊದಲ ಬಾರಿಗೆ ವರ್ಣಿಸಿದ್ದು ಕೊಯಮತ್ತೂರಿನಲ್ಲಿ ಹಿಡಿದ ನೊಣಗಳನ್ನು ನೋಡಿ. ಗಂಡಿನ ಎರಡೂ ರೆಕ್ಕೆಗಳ ತುದಿಯಲ್ಲಿ, ಮುಂದಿನ ಅಂಚಿಗೆ ಒತ್ತಿಕೊಂಡಂತೆ, ಒಂದೊಂದು ಕಪ್ಪು ಮಚ್ಚೆ ಇರುತ್ತದೆ. ಹೆಣ್ಣಿನ ಎದುರು ನಿಂತು ರೆಕ್ಕೆ ಅಗಲಿಸಿ, ಆ ಮಚ್ಚೆಯನ್ನು ತೋರಿಸುತ್ತಲೇ ಅದು ಓಲೈಸುತ್ತದೆ. ಹೆಣ್ಣಿಗೆ ಮಚ್ಚೆ ಇಲ್ಲ. ನೂರು ವರ್ಷಗಳಿಂದ ಪ್ರಯೋಗಾಲಯಗಳಲ್ಲಿ ಬಾಟಲಿವಾಸ ಅನುಭವಿಸುತ್ತಿರುವ ಅದರ ದಾಯಾದಿ ಮೆಲನೊಗ್ಯಾಸ್ಟರ್‌ನಲ್ಲಿ ಗಂಡಿಗೂ ಇಲ್ಲ.

ಈ ಮಚ್ಚೆ ಎಲ್ಲಿಂದ ಬಂತು? ಪ್ರಶ್ನೆ ಚಿಲ್ಲರೆಯದು ಎನ್ನಿಸಬಹುದು. ಆದರೆ ಹುಲಿಯ ಪಟ್ಟೆ, ನವಿಲುಗರಿಯ ಕಣ್ಣು, ನಮ್ಮ ಹೆಬ್ಬೆರಳು, ಎಲ್ಲದರ ಹಿಂದೆಯೂ ಇದೇ ಪ್ರಶ್ನೆ ಕೂತಿದೆ: ಹಿಂದೆ ಇರದಿದ್ದದ್ದು ಈಗ ಇದೆ, ಅದು ಆದದ್ದು ಹೇಗೆ? ಹುಲಿಯ ಪಟ್ಟೆಗಿಂತ ನೊಣದ ಮಚ್ಚೆಯಲ್ಲಿ ಒಂದು ಅನುಕೂಲವಿದೆ. ಅದು ಸಣ್ಣದು, ಅದರ ಬುಡ ಅಗೆದು ನೋಡಲು ಬರುತ್ತದೆ.

ಸುಲಭದ ಊಹೆ ಏನೆಂದರೆ, ಮಚ್ಚೆಯಿರುವ ನೊಣದಲ್ಲಿ ಮಚ್ಚೆಯ ಜೀನು ಇದೆ, ಇಲ್ಲದ ನೊಣದಲ್ಲಿ ಆ ಜೀನೂ ಇಲ್ಲ. ಅಗೆದು ನೋಡಿದವರಿಗೆ ಅಂಥ ಜೀನು ಸಿಗಲಿಲ್ಲ. ಸಿಕ್ಕಿದ್ದು ಯೆಲ್ಲೋ ಎಂಬ ಹಳೆಯ ಜೀನು. ನೊಣಗಳ ಮೈಗೆ ಕಪ್ಪು ಬಣ್ಣ ಬರಬೇಕಾದರೆ ಅದು ಬೇಕು. ಅದು ಕೆಟ್ಟರೆ ನೊಣ ಹಳದಿಯಾಗುತ್ತದೆ, ಅದಕ್ಕೇ ಆ ಹೆಸರು. ಮಚ್ಚೆಯಿಲ್ಲದ ಮೆಲನೊಗ್ಯಾಸ್ಟರ್‌ನಲ್ಲೂ ಯೆಲ್ಲೋ ಇದೆ, ರೆಕ್ಕೆಯ ತುಂಬ ತೆಳ್ಳಗೆ ಒಂದೇ ಸಮನೆ ಕೆಲಸ ಮಾಡುತ್ತದೆ. ಬಯಾರ್ಮಿಪೆಸ್‌ನ ಗಂಡಿನಲ್ಲಿ ಅದೇ ಜೀನು, ರೆಕ್ಕೆ ಇನ್ನೂ ಪ್ಯೂಪಾದ ಕೋಶದೊಳಗೆ ರೂಪುಗೊಳ್ಳುತ್ತಿರುವಾಗ, ಮುಂತುದಿಯ ಒಂದು ಕಡೆ ಜೋರಾಗಿ ದುಡಿಯುತ್ತದೆ. ವ್ಯತ್ಯಾಸ ಇರುವುದು ಅಷ್ಟರಲ್ಲೇ.

ಆ ಜೋರು ಎಲ್ಲಿಂದ ಬಂತೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಶಾನ್ ಕ್ಯಾರಲ್ ಅವರ ಜೊತೆಗಿದ್ದ ನಿಕೊಲಾ ಗೊಂಪೆಲ್, ಬೆಂಜಮಿನ್ ಪ್ರುದೋಮ್ ಮುಂತಾದವರು 2005ರಲ್ಲಿ ತೋರಿಸಿಕೊಟ್ಟರು. ಪ್ರತಿ ಜೀನಿನ ಆಸುಪಾಸಿನಲ್ಲಿ, ಪ್ರೋಟೀನಿನ ಪಾಠವಿಲ್ಲದ ಡಿಎನ್‌ಎ ತುಣುಕುಗಳಿರುತ್ತವೆ. ಆ ಜೀನು ಯಾವ ಅಂಗದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಕೆಲಸ ಮಾಡಬೇಕೆಂಬುದು ತೀರ್ಮಾನವಾಗುವುದು ಅಲ್ಲಿ. ಇವಕ್ಕೆ ಎನ್‌ಹ್ಯಾನ್ಸರ್ ಎನ್ನುತ್ತಾರೆ. ಯೆಲ್ಲೋಗೆ ರೆಕ್ಕೆಯದೊಂದು, ಹೊಟ್ಟೆಯದೊಂದು, ಬಿರುಗೂದಲಿನದೊಂದು ಹೀಗೆ ಬೇರೆಬೇರೆ ಎನ್‌ಹ್ಯಾನ್ಸರ್‌ಗಳಿವೆ. ಬಯಾರ್ಮಿಪೆಸ್‌ನ ರೆಕ್ಕೆಯ ತುಣುಕನ್ನು ಕತ್ತರಿಸಿ, ಹೊಳೆಯುವ ಪ್ರೋಟೀನಿನ ಜೀನಿಗೆ ಅಂಟಿಸಿ, ಮೆಲನೊಗ್ಯಾಸ್ಟರ್‌ನೊಳಕ್ಕೆ ಸೇರಿಸಿದರು. ಎಂದೂ ಮಚ್ಚೆ ಕಾಣದ ಆ ರೆಕ್ಕೆಯಲ್ಲಿ ತುದಿಯ ಕಡೆಗೆ ಹೊಳಪು ಹೆಚ್ಚಾಗಿ ಕಾಣಿಸಿತು.

ಅಂದರೆ ಮಚ್ಚೆಯಿಲ್ಲದ ರೆಕ್ಕೆಗೂ 'ಇದು ತುದಿ, ಇದು ಮುಂಭಾಗ, ಇದು ಹಿಂಭಾಗ' ಎಂಬ ಭೂಗೋಳ ಮೊದಲೇ ಗೊತ್ತಿತ್ತು. ಎನ್‌ಗ್ರೇಲ್ಡ್ ಎಂಬ ಪ್ರೋಟೀನು ರೆಕ್ಕೆಯ ಹಿಂದಿನ ಅರ್ಧದಲ್ಲಷ್ಟೇ ಇರುತ್ತದೆ. ಹಿಂಭಾಗವನ್ನು ಹಿಂಭಾಗವಾಗಿ ಮಾಡುವುದು ಅದರ ಪುರಾತನ ಉದ್ಯೋಗ, ಬಣ್ಣದ ಗೊಡವೆ ಅದಕ್ಕಿರಲಿಲ್ಲ. ಬಯಾರ್ಮಿಪೆಸ್‌ನ ವಂಶದಲ್ಲಿ ಯೆಲ್ಲೋದ ರೆಕ್ಕೆ ತುಣುಕಿನಲ್ಲಿ ಡಿಎನ್‌ಎಯ ಕೆಲವು ಅಕ್ಷರಗಳು ಬದಲಾಗಿ, ಎನ್‌ಗ್ರೇಲ್ಡ್ ಬಂದು ಕೂರಲು ಜಾಗ ಹುಟ್ಟಿತು. ಅದು ಕೂತ ಹಿಂಭಾಗದಲ್ಲಿ ಯೆಲ್ಲೋ ಸುಮ್ಮನಾಯಿತು. ಆ ಜಾಗಗಳನ್ನು ಬೇಕೆಂದೇ ಕೆಡಿಸಿದಾಗ ಯೆಲ್ಲೋ ಹಿಂಭಾಗಕ್ಕೂ ಹರಡಿತು. ತುದಿಯಲ್ಲಿ ಯೆಲ್ಲೋವನ್ನು ಎಬ್ಬಿಸುವುದು ಡಿಸ್ಟಲ್‌ಲೆಸ್ ಎಂಬ ಇನ್ನೊಂದು ಹಳೆಯ ಪ್ರೋಟೀನು ಎಂಬುದು 2013ರಲ್ಲಿ ತಿಳಿಯಿತು. ಮಚ್ಚೆಗೆ ಯೆಲ್ಲೋ ಒಂದೇ ಸಾಲದು, ಅದೇ ಜಾಗದಲ್ಲಿ ಎಬೊನಿ ಎಂಬ ಜೀನಿನ ಕೆಲಸ ತಗ್ಗಲೂ ಬೇಕು. ಆದರೂ ಮುಖ್ಯ ಸಂಗತಿ ಬದಲಾಗುವುದಿಲ್ಲ: ಪಾತ್ರಧಾರಿಗಳೆಲ್ಲ ಹಳಬರೇ.

ಇಲ್ಲಿ ನಮ್ಮ ದರ್ಶನಗಳ ಒಂದು ಹಳೆಯ ಜಗಳ ನೆನಪಾಗದೆ ಇರದು. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ, ಎಳ್ಳಿನಲ್ಲಿ ಎಣ್ಣೆ ಇರುವುದರಿಂದಲೇ ಎಣ್ಣೆ ಬರುತ್ತದೆ ಎಂದರು ಸಾಂಖ್ಯರು. ನೈಯಾಯಿಕರು ಒಪ್ಪಲಿಲ್ಲ. ಗಡಿಗೆ ಹುಟ್ಟುವ ಮೊದಲು ಗಡಿಗೆ ಇರಲಿಲ್ಲ, ಇಲ್ಲದ್ದೇ ಹೊಸದಾಗಿ ಆರಂಭವಾಗುತ್ತದೆ ಎಂಬುದು ಅವರ ಪಟ್ಟು. (ನಮ್ಮವರಿಗೆ ತಳಿವಿಜ್ಞಾನ ಮೊದಲೇ ಗೊತ್ತಿತ್ತು ಎಂದು ಹೇಳಲು ನಾನು ಹೊರಟಿಲ್ಲ, ಗೊತ್ತಿರಲಿಲ್ಲ. ಪ್ರಶ್ನೆಯನ್ನು ಮಾತ್ರ ಅವರು ಚೆನ್ನಾಗಿ ಹಿಡಿದಿದ್ದರು.) ಬಯಾರ್ಮಿಪೆಸ್‌ನ ಮಚ್ಚೆ ಯಾರ ಪರವಾಗಿ ಸಾಕ್ಷಿ ನುಡಿಯುತ್ತದೆ? ಯೆಲ್ಲೋ ಇತ್ತು, ಎನ್‌ಗ್ರೇಲ್ಡ್ ಇತ್ತು, ಡಿಸ್ಟಲ್‌ಲೆಸ್ ಇತ್ತು. ಇಷ್ಟರ ಮಟ್ಟಿಗೆ ಸಾಂಖ್ಯರು ಗೆದ್ದರು. ಆದರೆ ಅವುಗಳ ನಡುವೆ ನಂಟು ಇರಲಿಲ್ಲ, ಆ ನಂಟು ಯಾವ ಮೂಲೆಯಲ್ಲೂ ಬೀಜರೂಪದಲ್ಲಿ ಅಡಗಿರಲಿಲ್ಲ. ಅಲ್ಲಿ ನೈಯಾಯಿಕರ ಮಾತೇ ಸರಿ. ಜೀವಲೋಕದಲ್ಲಿ ಹೊಸದು ಬಹಳ ಸಲ ವಸ್ತುವಾಗಿ ಬರುವುದಿಲ್ಲ, ಹಳೆಯ ವಸ್ತುಗಳ ನಡುವಿನ ಹೊಸ ಸಂಬಂಧವಾಗಿ ಬರುತ್ತದೆ ಎಂದು ನನಗೆ ತೋರುತ್ತದೆ.

ಬರುವ ದಾರಿ ಇದಾದರೆ ಹೋಗುವ ದಾರಿಯೂ ಇದೇ. ಆಫ್ರಿಕದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಸಾವ್ ತೊಮೆ ಎಂಬ ಜ್ವಾಲಾಮುಖಿಯ ದ್ವೀಪವಿದೆ. ಅಲ್ಲಿನ ಬೆಟ್ಟದ ಮೇಲಿನ ಮಳೆಕಾಡಿನಲ್ಲಿ ಸಾಂತೊಮಿಯ ಎಂಬ ನೊಣ, ಕೆಳಗೆ ಅದರ ಸೋದರ ಜಾತಿ ಯಾಕುಬ. ಯಾಕುಬದ ಹೊಟ್ಟೆಯ ತುದಿ ಕಪ್ಪು, ಸಾಂತೊಮಿಯ ಪೇಲವ. ಕಪ್ಪಿಗೆ ಬೇಕಾದ ಟ್ಯಾನ್ ಎಂಬ ಜೀನು ಸಾಂತೊಮಿಯದಲ್ಲಿ ಗಟ್ಟಿಮುಟ್ಟಾಗಿಯೇ ಇದೆ, ಕೆಟ್ಟಿರುವುದು ಅದರ ಹೊಟ್ಟೆಯ ಎನ್‌ಹ್ಯಾನ್ಸರ್. ಅದೂ ಒಂದೇ ಸಲವಲ್ಲ, ಬೇರೆಬೇರೆ ಮೂರು ರೀತಿಯಲ್ಲಿ ಕೆಟ್ಟಿರುವುದು 2008ರಲ್ಲಿ ಪತ್ತೆಯಾಯಿತು. ಜೀನನ್ನೇ ಕೆಡಿಸಿಕೊಳ್ಳಬಹುದಿತ್ತಲ್ಲ? ಆಗುವುದಿಲ್ಲ. ಟ್ಯಾನ್ ನೊಣದ ಕಣ್ಣಿಗೂ ಬೇಕು. ಬೆಳಕನ್ನು ಗ್ರಹಿಸುವ ಜೀವಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸಲು ಹಿಸ್ಟಮೀನ್ ಬಳಸುತ್ತವೆ, ಬಳಸಿದ್ದನ್ನು ಮತ್ತೆ ಹಿಸ್ಟಮೀನಾಗಿ ಮಾಡುವುದು ಟ್ಯಾನ್ ಕೊಡುವ ಕಿಣ್ವ. ಜೀನು ಹೋದರೆ ಬಣ್ಣದ ಜೊತೆಗೆ ದೃಷ್ಟಿಯೂ ಕೆಡುತ್ತದೆ. ಹೊಟ್ಟೆಯ ಎನ್‌ಹ್ಯಾನ್ಸರ್ ಹೋದರೆ ಹೋಗುವುದು ಹೊಟ್ಟೆಯ ಬಣ್ಣವೊಂದೇ. ಮೈಯ ವಿನ್ಯಾಸ ಬದಲಾಗುವಾಗ ವಿಕಾಸದ ಕೈ ಮತ್ತೆಮತ್ತೆ ನಿಯಂತ್ರಣದ ತುಣುಕುಗಳ ಮೇಲೆಯೇ ಬೀಳುವುದೇಕೆ ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಸಿಕ್ಕಿಲ್ಲ.

ಇಷ್ಟು ಬಣ್ಣದ ಮಾತಾಯಿತು. ಅಂಗಗಳ ಮಾತೇನು? ಯಾವುದಾದರೂ ನೊಣವನ್ನು ಭೂತಗನ್ನಡಿಯಲ್ಲಿ ನೋಡಿ. ರೆಕ್ಕೆಯ ಹಿಂದೆ, ಎದೆಯ ಎರಡೂ ಪಕ್ಕದಲ್ಲಿ, ಸಣ್ಣ ತೊಟ್ಟಿನ ಮೇಲೆ ಗುಂಡನೆಯ ಬುಡ್ಡೆಯೊಂದು ಕಾಣುತ್ತದೆ. ಸೊಳ್ಳೆಯಲ್ಲೂ ಇದೆ. ಇದು ಹಾಲ್ಟಿಯರ್. ಹಣ್ಣಿನ ನೊಣ ಹಾರುವಾಗ ಅದು ಸೆಕೆಂಡಿಗೆ ಸುಮಾರು 200 ಸಲ, ರೆಕ್ಕೆಗೆ ಎದುರು ಲಯದಲ್ಲಿ ಬಡಿಯುತ್ತ, ಮೈ ಎತ್ತ ತಿರುಗಿತು, ಎತ್ತ ವಾಲಿತು ಎಂದು ಅಳೆದು ತಿಳಿಸುತ್ತಿರುತ್ತದೆ. ನಾವು ಎಷ್ಟು ಚುರುಕಾಗಿ ಕೈಬೀಸಿದರೂ ನೊಣ ತಪ್ಪಿಸಿಕೊಳ್ಳುವುದರಲ್ಲಿ ಈ ಬುಡ್ಡೆಯ ಪಾಲು ದೊಡ್ಡದು. ಚಿಟ್ಟೆ, ಜೇನುನೊಣಗಳಿಗೆ ಅದೇ ಜಾಗದಲ್ಲಿ ಇರುವುದು ಎರಡನೆಯ ಜೋಡಿ ರೆಕ್ಕೆ.

ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್‌ನಲ್ಲಿ ಎಡ್ವರ್ಡ್ ಲೂಯಿಸ್ ದಶಕಗಳ ಕಾಲ ನೊಣಗಳನ್ನು ಕೂಡಿಸುತ್ತ ಹೋಗಿ, ಮೂರು ವಿಕೃತಿಗಳನ್ನು ಒಂದೇ ನೊಣದಲ್ಲಿ ತಂದಾಗ ಹಾಲ್ಟಿಯರ್ ಇದ್ದಲ್ಲಿ ಪೂರ್ಣ ರೆಕ್ಕೆ ಬಂತು. ನಾಲ್ಕು ರೆಕ್ಕೆಯ ನೊಣ! ಹಾರಲು ಅದಕ್ಕೆ ಬರುವುದಿಲ್ಲ, ಆದರೆ ಅದರ ಚಿತ್ರ ಎಲ್ಲ ಪಠ್ಯಪುಸ್ತಕಗಳಿಗೂ ಹಾರಿತು. 1995ರ ನೊಬೆಲ್‌ನಲ್ಲಿ ಲೂಯಿಸ್‌ಗೆ ಪಾಲು ಸಿಕ್ಕಿತು. ಆ ಮೂರೂ ವಿಕೃತಿಗಳಿರುವುದು ಅಲ್ಟ್ರಾಬೈಥೊರ್ಯಾಕ್ಸ್ ಎಂಬ ಜೀನಿನ ನಿಯಂತ್ರಣ ಭಾಗದಲ್ಲಿ. ನೋಡಿದವರಿಗೆ ಹೊಳೆದ ಕಥೆ ಇದು: ನೊಣದ ಪೂರ್ವಜರಲ್ಲಿ ಈ ಜೀನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದ ನಾಲ್ಕು ರೆಕ್ಕೆ, ಮುಂದೆ ಮಾಡತೊಡಗಿತು, ಹಿಂದಿನ ರೆಕ್ಕೆ ಕುಗ್ಗಿ ಹಾಲ್ಟಿಯರ್ ಆಯಿತು.

ಚೆಂದದ ಕಥೆ, ಆದರೆ ಸುಳ್ಳು. 1990ರ ದಶಕದಲ್ಲಿ ಚಿಟ್ಟೆಯನ್ನು ಪರೀಕ್ಷಿಸಿದಾಗ ಅದರ ಹಿಂದಿನ ರೆಕ್ಕೆಯಲ್ಲೂ ಅಲ್ಟ್ರಾಬೈಥೊರ್ಯಾಕ್ಸ್ ಕೆಲಸ ಮಾಡುತ್ತಿತ್ತು. ಇದ್ದರೂ ರೆಕ್ಕೆ ರೆಕ್ಕೆಯಾಗಿಯೇ ಇತ್ತು. ಹಾಗಾದರೆ ನೊಣದ ವಂಶದಲ್ಲಿ ಬದಲಾದದ್ದು ಅಪ್ಪಣೆ ಕೊಡುವ ಜೀನಲ್ಲ, ಅಪ್ಪಣೆ ಕೇಳುವ ಜೀನುಗಳು. ರೆಕ್ಕೆ ಬೆಳೆಸುವ ಒಂದೊಂದೇ ಜೀನಿನ ಎನ್‌ಹ್ಯಾನ್ಸರ್, ಬಹುಕಾಲದ ಅವಧಿಯಲ್ಲಿ, ಅಲ್ಟ್ರಾಬೈಥೊರ್ಯಾಕ್ಸ್‌ನ ಅಂಕೆಗೆ ಬಂದಿರಬೇಕು. ಹೈದರಾಬಾದಿನ ಸಿಸಿಎಂಬಿ, ಪುಣೆಯ ಐಸರ್ ಸಂಶೋಧನಾ ಸಂಸ್ಥೆಗಳಲ್ಲಿ ಇದರ ಹಿಂದೆ ಬಿದ್ದ ಕನ್ನಡಿಗ ವಿಜ್ಞಾನಿ ಎಲ್. ಎಸ್. ಶಶಿಧರ ಮತ್ತು ಅವರ ತಂಡ, ಜೇನುನೊಣ, ರೇಷ್ಮೆಹುಳುಗಳ ಜೊತೆ ಹೋಲಿಸಿ ನೋಡಿದ ಕೆಲಸವೂ ಬೆರಳು ತೋರಿಸುವುದು ಆ ಕಡೆಗೇ. ಒಂದು ಜೀನು ಕೆಟ್ಟು ಅಂಗವೊಂದು ತಟ್ಟನೆ ಹಿಂದಿನ ರೂಪಕ್ಕೆ ಮರಳಿದ್ದು ನಿಜ. ಅಷ್ಟಕ್ಕೇ, ಆ ಅಂಗ ಬಂದದ್ದೂ ಹಾಗೆ ತಟ್ಟನೆ ಎಂದುಕೊಳ್ಳಬಾರದು. ಕೆಡುವ ದಾರಿ ಬೇರೆ, ಆಗುವ ದಾರಿ ಬೇರೆ. ಮನುಷ್ಯರ ಸಂಸ್ಥೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಏನೂ ಬದಲಾಗದ ಒಂದು ಪ್ರಸಂಗ. ನೊಣದ ಮೊಟ್ಟೆಯಲ್ಲಿ ಭ್ರೂಣಕ್ಕೆ ಸುಮಾರು ಮೂರು ಗಂಟೆ ತುಂಬುವ ಹೊತ್ತಿಗೆ, ಈವನ್ ಸ್ಕಿಪ್ಡ್ ಎಂಬ ಜೀನು ಅಡ್ಡಡ್ಡ ಏಳು ಪಟ್ಟೆಗಳಲ್ಲಿ ಎದ್ದೇಳುತ್ತದೆ. ಮುಂದೆ ಮೈ ಖಂಡಖಂಡವಾಗುವುದಕ್ಕೆ ಇದು ಪೀಠಿಕೆ. ಎರಡನೆಯ ಪಟ್ಟೆಗೆಂದೇ ಒಂದು ಎನ್‌ಹ್ಯಾನ್ಸರ್ ಇದೆ. ಮೆಲನೊಗ್ಯಾಸ್ಟರ್ ಮತ್ತು ಸ್ಯೂಡೊಅಬ್‌ಸ್ಕ್ಯೂರ ಎಂಬ ಎರಡು ಜಾತಿಗಳಲ್ಲಿ ಈ ತುಣುಕಿನ ಅಕ್ಷರಗಳು ಸಾಕಷ್ಟು ಬದಲಾಗಿವೆ. ಪಟ್ಟೆ ಮಾತ್ರ ಎರಡರಲ್ಲೂ ಅದೇ ಜಾಗದಲ್ಲಿದೆ. ಮಾರ್ಟಿನ್ ಕ್ರೈಟ್‌ಮನ್ ಅವರ ತಂಡ 2000ದಲ್ಲಿ ಒಂದರ ಮೊದಲರ್ಧ, ಇನ್ನೊಂದರ ಕೊನೆಯರ್ಧ ಸೇರಿಸಿ ನೋಡಿತು. ಪಟ್ಟೆ ಜಾಗ ತಪ್ಪಿತು. ಬಿಡಿಯಾಗಿ ಎರಡೂ ಸರಿ, ಬೆರಕೆ ಮಾಡಿದರೆ ತಪ್ಪು. ಒಂದು ಕಡೆ ಸಣ್ಣದೊಂದು ಕೂರುವ ಜಾಗ ಕಳೆದುಹೋದಾಗ ಇನ್ನೊಂದು ಕಡೆ ಅದನ್ನು ತುಂಬಿಕೊಳ್ಳುತ್ತ, ಪ್ರತಿ ವಂಶವೂ ತನ್ನದೇ ರೀತಿಯಲ್ಲಿ ಅದೇ ಪಟ್ಟೆಯನ್ನು ಉಳಿಸಿಕೊಂಡು ಬಂದಿದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಲೆ ತಿರುಗುತ್ತದೆ. ಮಚ್ಚೆಯಲ್ಲಿ ಜೀನು ಹಾಗೇ ಇದೆ, ರೂಪ ಬೇರೆ. ಪಟ್ಟೆಯಲ್ಲಿ ರೂಪ ಹಾಗೇ ಇದೆ, ಬರಹ ಬೇರೆ. ಯಾವುದನ್ನು ನಾವು 'ಅದೇ' ಎಂದು ಕರೆಯಬೇಕು? ರೂಪದ ಗುಟ್ಟೆಲ್ಲ ಅಕ್ಷರಗಳಲ್ಲಿದೆ ಎಂದು ನಂಬಿದವರಿಗೆ ಆ ಪಟ್ಟೆ ಉತ್ತರ ಕೊಡುವುದಿಲ್ಲ. ಅಕ್ಷರ ಏನಾದರೇನು, ರೂಪವೇ ಶಾಶ್ವತ ಎನ್ನುವವರಿಗೆ ಸಾಂತೊಮಿಯದ ಪೇಲವ ಹೊಟ್ಟೆ ಸೊಪ್ಪು ಹಾಕುವುದಿಲ್ಲ. ಉಳಿದುಕೊಂಡು ಬರುವುದು ವಸ್ತುವೂ ಅಲ್ಲ, ಬರಹವೂ ಅಲ್ಲ, ಒಂದಕ್ಕೊಂದು ಇರುವ ಒಪ್ಪಂದ. ಅದು ಮುರಿದಾಗಲೂ ಕೂಡಿದಾಗಲೂ ಮೈ ಬದಲಾಗುತ್ತದೆ.

ಎಲ್ಲವೂ ನಿಯಂತ್ರಣದ ಆಟವೇ ಎಂದು ಪಟ್ಟು ಹಿಡಿಯುವುದು ತಪ್ಪಾದೀತು. ಹೋಪಿ ಹೂಕ್ಸ್ಟ್ರ ಮತ್ತು ಜೆರ್ರಿ ಕಾಯ್ನ್ 2007ರಲ್ಲಿ ಈ ಉತ್ಸಾಹಕ್ಕೆ ಲಗಾಮು ಹಾಕಿ, ಪ್ರೋಟೀನೇ ಬದಲಾಗಿ ರೂಪ ಬದಲಾದ ನಿದರ್ಶನಗಳೂ ಬೇಕಾದಷ್ಟಿವೆ ಎಂದು ವಾದಿಸಿದರು. ಅವರ ಎಚ್ಚರಿಕೆ ನ್ಯಾಯವಾದದ್ದು. ಆದರೂ ಮೈಯ ವಿನ್ಯಾಸದ ಮಟ್ಟಿಗೆ ನೊಣಗಳ ಸಾಕ್ಷ್ಯ ಒಂದು ಕಡೆಗೇ ವಾಲುತ್ತದೆ ಎಂಬುದು ನನ್ನ ತೀರ್ಮಾನ.

ಇದು ನೊಣಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. ಮನುಷ್ಯ ಮತ್ತು ಚಿಂಪಾಂಜಿಯ ಪ್ರೋಟೀನುಗಳು ಇಷ್ಟೊಂದು ಹೋಲುವಾಗ ಮೈಮನಸ್ಸುಗಳ ವ್ಯತ್ಯಾಸಕ್ಕೆ ಕಾರಣವನ್ನು ಜೀನುಗಳ ನಿಯಂತ್ರಣದಲ್ಲಿ ಹುಡುಕಬೇಕೆಂದು ಮೇರಿ ಕ್ಲೇರ್ ಕಿಂಗ್ ಮತ್ತು ಆಲನ್ ವಿಲ್ಸನ್ 1975ರಲ್ಲೇ ಹೇಳಿದ್ದರು. ದೊಡ್ಡವರಾದ ಮೇಲೂ ಲೋಟ ತುಂಬ ಹಾಲು ಕುಡಿದು ಅರಗಿಸಿಕೊಳ್ಳುವವರು ನಮ್ಮ ನಡುವೆ ಇದ್ದಾರೆ, ಕುಡಿದರೆ ಹೊಟ್ಟೆ ಉಬ್ಬರಿಸುವವರೂ ಇದ್ದಾರೆ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಜೀನು ಇಬ್ಬರಲ್ಲೂ ಸರಿಯಾಗಿಯೇ ಇದೆ. ಯುರೋಪಿನಲ್ಲೂ ಭಾರತದಲ್ಲೂ ಸಿಗುವ ಒಂದು ವ್ಯತ್ಯಾಸ ಇರುವುದು ಆ ಜೀನಿನಿಂದ 13,910 ಅಕ್ಷರ ದೂರದಲ್ಲಿ, ನೆರೆಯ ಬೇರೊಂದು ಜೀನಿನೊಳಗೆ, ಒಂದೇ ಒಂದು ಅಕ್ಷರದಲ್ಲಿ. ಬಾಲ್ಯ ಕಳೆದ ಮೇಲೂ ಲ್ಯಾಕ್ಟೇಸ್ ಅನ್ನು ನಿಲ್ಲಿಸದೆ ಇರುವುದು ಆ ಅಕ್ಷರ. ಹಾಗಾಗಿ ಬುದ್ಧಿಯ ಜೀನು, ಕೋಪದ ಜೀನು, ಬೊಜ್ಜಿನ ಜೀನು ಪತ್ತೆಯಾಯಿತು ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ, ಆ ಜೀನು ಮೈಯ ಯಾವ ಭಾಗದಲ್ಲಿ, ಯಾವ ವಯಸ್ಸಿನಲ್ಲಿ, ಎಷ್ಟು ಕೆಲಸ ಮಾಡುತ್ತದೆಂದು ಬರೆದಿದ್ದಾರೆಯೇ ಎಂದು ಹುಡುಕಿ. ಬರೆದಿಲ್ಲದಿದ್ದರೆ ಅದನ್ನು ಅರ್ಧ ಸುದ್ದಿ ಎಂದುಕೊಂಡು ಪುಟ ತಿರುಗಿಸಿ.